ಕುದುರೆಯ ರೋಗಪರೀಕ್ಷೆಯೂ ಊರ ಹಿರಿಯರ ಹೊಣೆಯೂ

ಕುದುರೆಗಳ ರೋಗಪರೀಕ್ಷೆಯು ಪಂದ್ಯದ ಮೈದಾನಕ್ಕೂ ಪೋಲೀಸರ ಲಾಯಕ್ಕೂ ಸಂಬಂಧಿಸಿದ ವಿಷಯವೆಂದು ನಮ್ಮ ಜಮೀನುದಾರರಲ್ಲಿ ಹಲವರು ಭಾವಿಸುವುದುಂಟು. ಈ ಭಾವನೆಯು ಸರಿಯಾದುದಲ್ಲ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿದಾಗ, ಕುರಿಗಾರರ ಸಾಮಾನು ಹೊರುವ ತಟ್ಟುಗಳೂ ಅಲ್ಲಿಗೆ ಬಂದು ಊರ ಕೆರೆಯಲ್ಲಿಯೇ ನೀರು ಕುಡಿಯುತ್ತವೆ. ಇಂದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮದುವೆಯ ಮೆರವಣಿಗೆಗೆ ನಿಂತ ಕುದುರೆಯು ನಾಳೆ ಹಳ್ಳಿಯ ಮದುವೆಗೆ ಬಂದೀತು.

ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ತಗಲುವ ರೋಗಗಳಲ್ಲಿ ಗ್ಲ್ಯಾಂಡರ್ಸ್ ಎಂಬುದು ಅತಿ ಭಯಂಕರವಾದುದು. ಮೂಗಿನಿಂದ ಅಂಟಾದ ಸಿಂಬಳ, ಮೂಗಿನೊಳಗೆ ಹುಣ್ಣು, ದವಡೆಯ ಕೆಳಗೆ ಬಾವು, ಕಾಲಿನ ಚರ್ಮದಲ್ಲಿ ಸಾಲಾಗಿ ಎದ್ದು ಒಡೆಯುವ ಗಂಟು, ಇವು ಇದರ ಲಕ್ಷಣಗಳು. ಮೇಲೆ ಆರೋಗ್ಯವಾಗಿ ಕಾಣುವ ಪ್ರಾಣಿಯಲ್ಲಿಯೂ ರೋಗವು ಅಡಗಿರಬಹುದಾದ ಕಾರಣ ರಕ್ತಪರೀಕ್ಷೆಯು ಅವಶ್ಯವಾಗಿದೆ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ಈ ಪರೀಕ್ಷೆಯು ನಡೆಯುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ; ಇದು ಸಾಕುವವರಿಗೂ ತಗಲಿ ಪ್ರಾಣಾಪಾಯವನ್ನುಂಟುಮಾಡಬಲ್ಲದು. 2006ರಲ್ಲಿ ನೆರೆಯ ಮಹಾರಾಷ್ಟ್ರದಲ್ಲಿ ಇದು ಮರಳಿ ತಲೆಯೆತ್ತಿತ್ತು.

ಈ ವಿಷಯದಲ್ಲಿ ಕಾಯಿದೆಯು ಹೊಸದಲ್ಲ. 1899ರ ಗ್ಲ್ಯಾಂಡರ್ಸ್ ಕಾಯಿದೆಯು ನೂರು ವರ್ಷಗಳಿಗೂ ಮೀರಿ ನಡೆದು, ಅದರ ಸ್ಥಾನದಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿವಾರಣೆಗಾಗಿ 2009ರ ಕಾಯಿದೆಯು ಬಂದಿತು. ಇದರ 4ನೆಯ ಕಲಮಿನಂತೆ, ರೋಗದ ಸಂಶಯ ಬಂದೊಡನೆ ಪ್ರಾಣಿಯ ಒಡೆಯನು ಗ್ರಾಮಾಧಿಕಾರಿಗಾಗಲಿ ಪಂಚಾಯತಿಗಾಗಲಿ ತಿಳಿಸತಕ್ಕದ್ದು. ಅಲ್ಲಿಂದ ಸಮೀಪದ ಪಶುವೈದ್ಯರಿಗೆ ಲಿಖಿತ ವರದಿ ಹೋಗಬೇಕು. 5ನೆಯ ಕಲಮಿನಂತೆ ಆ ಪ್ರಾಣಿಯನ್ನು ಪ್ರತ್ಯೇಕವಾಗಿ ಕಟ್ಟತಕ್ಕದ್ದು. ಸಾರ್ವಜನಿಕ ಗೋಮಾಳದಲ್ಲಿ ಮೇಯಿಸಲೂ ಕೆರೆ ಹೊಳೆಗಳಲ್ಲಿ ನೀರು ಕುಡಿಸಲೂ ಕೂಡದು.

ಆದರೆ ಊರಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಸಂಶಯ ಬಂದ ಪ್ರಾಣಿಯನ್ನು ಸೀಮೆಯಾಚೆಗೆ ಅಟ್ಟಿದರೆ ಊರಿನ ಪೀಡೆ ಕಳೆಯಿತೆಂದು ಹಿರಿಯರು ತಿಳಿಯುತ್ತಾರೆ. ಇದು ಪೀಡೆಯನ್ನು ಕಳೆಯುವ ಬಗೆಯಲ್ಲ, ಮುಂದಿನ ಊರಿಗೆ ದಾಟಿಸುವ ಬಗೆ. ಅಟ್ಟುವರೆಂಬ ಅಂಜಿಕೆಯಿಂದಲೇ ಬಡ ಒಡೆಯನು ರೋಗವನ್ನು ಮರೆಮಾಚುತ್ತಾನೆ. ರೋಗವು ಖಚಿತವಾದರೆ ಪ್ರಾಣಿಯನ್ನು ಕೊಲ್ಲಲೇಬೇಕಾಗುವುದು. ಅವನಿಗಾದರೋ ಅದೇ ಜೀವನಾಧಾರ. ಇಂಥ ಹಾನಿಗೆ ಪರಿಹಾರಧನ ಕೊಡುವ ಏರ್ಪಾಡು ಸರಕಾರದ ಯೋಜನೆಯಲ್ಲಿದೆ. ಅವನಿಗೆ ಅದನ್ನು ತಿಳಿಸುವವರು ಮಾತ್ರ ವಿರಳ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟೆ: ವರದಿ ಬರೆಯಿಸುವ ಕೈಯೇ ಪರಿಹಾರದ ಅರ್ಜಿಯನ್ನೂ ಬರೆಯಿಸಬೇಕು. ಪರೀಕ್ಷೆಯ ಫಲ ಬರುವವರೆಗೆ ಆ ಪ್ರಾಣಿಗೆ ಬೇರೆ ಜಾಗವನ್ನೂ, ಬೇರೆ ಬಕೀಟಿನಲ್ಲಿ ನೀರನ್ನೂ, ಹೊರೆ ಮೇವನ್ನೂ ಊರವರೇ ಒದಗಿಸಬೇಕು. ವಂಶಪಾರಂಪರ್ಯದ ಗೌಡಿಕೆಯು 1961ರ ಕಾಯಿದೆಯಿಂದ ಹೋಯಿತಾದರೂ ಹಿರಿಯರ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ಬೆಲೆಯುಂಟು. ಆ ಮಾತು ಬಡವನ ಅಂಜಿಕೆಯನ್ನು ಬಿಡಿಸಿದರೆ ರೋಗವು ತಾನಾಗಿ ಬೆಳಕಿಗೆ ಬರುವುದು. ಕಾಯಿದೆಯ ಉದ್ದೇಶವೂ ಅದೇ.