ಘಾಟಿ ಇಳಿಯುವ ಮುನ್ನ

ಚಾಮರಾಜನಗರದವರಾಗಲಿ ಗುಂಡ್ಲುಪೇಟೆಯವರಾಗಲಿ ತಮ್ಮದು ಬಯಲು ನಾಡೆಂದೇ ತಿಳಿದಿರುತ್ತಾರೆ. ಊರೊಳಗೆ ನಿಂತು ನೋಡಿದರೆ ಅದು ನಿಜವೂ ಹೌದು. ಆದರೆ ನಮ್ಮ ದಾರಿಗಳು ಹೋಗಿ ಮುಟ್ಟುವುದೆಲ್ಲಿಗೆ? ಪುಣಜನೂರಿನ ಮೇಲೆ ಸತ್ಯಮಂಗಲಕ್ಕೆ ಹೊರಟರೆ ದಿಂಬಂ ಘಾಟಿಯ 27 ತಿರುವುಗಳು. ಕಲ್ಲಿಕೋಟೆಗೆ ಹೊರಟರೆ ತಾಮರಶ್ಶೇರಿಯ 9. ಬಂಡೀಪುರ, ಮಸಿನಗುಡಿ ದಾಟಿ ಊಟಿಗೆ ಹೊರಟರೆ ಕಲ್ಹಟ್ಟಿಯ 36. ಮನೆ ಬಯಲಿನಲ್ಲಿ, ದಾರಿ ಘಾಟಿಯಲ್ಲಿ. ಆದುದರಿಂದ ಕಾರಿನ ಬ್ರೇಕಿನ ವಿಚಾರವನ್ನು ಕಾಲೇಜಿನ ಸಂಚಿಕೆಯಲ್ಲಿ ಎತ್ತುವುದು ಅಪ್ರಸ್ತುತವಲ್ಲವೆಂದು ನನ್ನ ನಂಬಿಕೆ. ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆಯೇಕೆಂದು ಗುರುಗಳು ನಗಬಹುದು. ನಗುವ ಮುನ್ನ ಒಂದು ಪ್ರಸಂಗವನ್ನು ಲಾಲಿಸಬೇಕೆಂದು ಪ್ರಾರ್ಥನೆ.

ಕಳೆದ ಬೇಸಗೆಯಲ್ಲಿ ಗುಂಡ್ಲುಪೇಟೆಯ ನನ್ನ ಸೋದರಮಾವನ ಕಾರಿನಲ್ಲಿ ನಾವೆಲ್ಲ ಬಣ್ಣಾರಿ ಅಮ್ಮನ ದರ್ಶನಕ್ಕೆ ಹೊರಟೆವು. ದಿಂಬಂನಿಂದ ಇಳಿಯುವಾಗ ಮಾವ ಮೇಲಿನ ಗೇರಿನಲ್ಲಿಯೇ, ಬ್ರೇಕನ್ನು ಒತ್ತಿಹಿಡಿದುಕೊಂಡೇ ಬಂದರು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂದಿತು. ಮುಂದಿನ ತಿರುವಿನಲ್ಲಿ ಪೆಡಲು ಮೆತ್ತಗಾಗಿ ತಳಕ್ಕಿಳಿಯಿತು. “ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದರಷ್ಟೆ. ಕೆಳಗಿನ ಗೇರಿಗೆ ತಂದು, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರವನ್ನಿಳಿಸಿ ನಿಲ್ಲಿಸಿದರು. ಅಮ್ಮನೇ ಕಾಪಾಡಿದಳೆಂದು ಅಜ್ಜಿ ಕೈಮುಗಿದರು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಮ್ಮನಿಗೆ ಆ ಕೆಲಸವನ್ನು ಒಪ್ಪಿಸಿದವರು ನಾವೇ ಅಲ್ಲವೆ?

ಕಾರನ್ನು ಬೇರೊಂದು ಗಾಡಿಯ ಮೇಲೆ ಹೇರಿಸಿ ಗುಂಡ್ಲುಪೇಟೆಗೆ ತಂದು ಚಕ್ರ ಬಿಚ್ಚಿಸಿದಾಗ ನಾನೂ ಅಲ್ಲಿದ್ದೆ. ಬ್ರೇಕ್ ಪ್ಯಾಡು ಸವೆದು ಒಳಗಿನ ಕಬ್ಬಿಣದ ಹತ್ತಿರಕ್ಕೆ ಬಂದಿತ್ತು. ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಗೆರೆಗಳಿದ್ದವು. ಬ್ರೇಕ್ ಆಯಿಲು ಕಾಫಿಯ ಡಿಕಾಕ್ಷನ್ನಿನಂತಾಗಿತ್ತು. ಅದನ್ನು ಬದಲಾಯಿಸಿದ್ದು ಯಾವಾಗ ಎಂದು ಮೆಕ್ಯಾನಿಕ್ ಕೇಳಿದರೆ ಮಾವನಲ್ಲಿ ಉತ್ತರವಿರಲಿಲ್ಲ.

ಈ ಆಯಿಲು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಬಿಡದೆ ಬ್ರೇಕ್ ಒತ್ತಿದರೆ ಚಕ್ರದ ಶಾಖ ಆಯಿಲಿಗೂ ತಟ್ಟಿ ಅದು ಆವಿಯಾಗುತ್ತದೆ. ಆವಿ ಕುಗ್ಗುವ ವಸ್ತು. ಕಾಲಿನ ಬಲ ಅಲ್ಲಿಯೇ ಅಡಗಿಹೋಗಿ ಚಕ್ರವನ್ನು ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಪೆಡಲು ಏನೂ ಆಗಿಲ್ಲವೆಂಬಂತೆ ಮೇಲೇಳುತ್ತದೆ. ಅದೇ ದೊಡ್ಡ ಮೋಸ.

ಇಷ್ಟು ದಿನ ಇದು ತಿಳಿಯಲಿಲ್ಲವೇಕೆ? ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಬ್ರೇಕಿಗೆ ಅಷ್ಟೊಂದು ಕೆಲಸವಿಲ್ಲ. ಸವೆದ ಬ್ರೇಕೂ ಅಲ್ಲಿ ಗಾಡಿಯನ್ನು ನಿಲ್ಲಿಸುತ್ತದೆ. ಬಯಲು ದೋಷವನ್ನು ಮುಚ್ಚಿಡುತ್ತದೆ, ಘಾಟಿ ಬಯಲಿಗೆಳೆಯುತ್ತದೆ. ಪರೀಕ್ಷೆ ಮಾತ್ರ ಬಯಲಿನಲ್ಲಿಯೇ ಆಗಬೇಕು. ಇಲ್ಲವಾದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಸರ್ಕಾರ ನೋಡಿಕೊಳ್ಳುತ್ತದೆಯೆಂಬ ಭರವಸೆಯೂ ಇಲ್ಲ. ಬಾಡಿಗೆಯ ವಾಹನಗಳಿಗೆ ಅರ್ಹತಾ ಪತ್ರದ ಕಟ್ಟುಪಾಡಿದೆ. ಸ್ವಂತ ಕಾರಿನ ನೋಂದಣಿಯಾದರೋ ಒಮ್ಮೆಗೆ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಪರೀಕ್ಷಕನೂ ಮಾಲೀಕನೇ.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಾಯಿಸಬೇಕು. ಆಯಿಲಿನ ಮಟ್ಟ ತಗ್ಗಿದ್ದರೆ ಪ್ಯಾಡು ಸವೆದಿರಬೇಕು, ಇಲ್ಲವೆ ಎಲ್ಲಿಯೋ ಸೋರುತ್ತಿರಬೇಕು. ಚಕ್ರದ ಒಳಬದಿಯ ಒದ್ದೆ ಕಲೆ, ರಬ್ಬರು ಕೊಳವೆಯ ಬಿರುಕು, ಕಬ್ಬಿಣ ಉಜ್ಜುವ ಸದ್ದು, ಒಂದೇ ಪಕ್ಕಕ್ಕೆ ಎಳೆಯುವುದು, ಮೆತ್ತಗಾದ ಪೆಡಲು—ಇವು ಕಣ್ಣು ಕಿವಿ ಕಾಲುಗಳಿಗೇ ತಿಳಿಯುವ ಸಂಗತಿಗಳು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲು ಬದಲಾಯಿಸುವುದು ಕ್ಷೇಮ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಡುವ ನಾವು ಆ ಚಕ್ರದ ಒಳಗನ್ನೂ ಒಮ್ಮೆ ನೋಡಿದರೆ ಪೂಜೆಗೆ ಕುಂದಿಲ್ಲ.

ಕೊನೆಯದಾಗಿ ಸಹಪಾಠಿಗಳಲ್ಲಿ ಒಂದು ಅರಿಕೆ. ಪ್ರವಾಸಕ್ಕೆ ಗಾಡಿ ಗೊತ್ತುಮಾಡುವಾಗ ನಾವು ಬಾಡಿಗೆಯನ್ನು ಚೌಕಾಶಿ ಮಾಡುತ್ತೇವೆ, ಹಾಡಿನ ಪೆಟ್ಟಿಗೆಯಿದೆಯೆ ಎಂದು ವಿಚಾರಿಸುತ್ತೇವೆ. ಈ ವರ್ಷ ಅರ್ಹತಾ ಪತ್ರವನ್ನೂ ತೋರಿಸೆಂದು ಕೇಳೋಣ. ಬ್ರೇಕನ್ನು ಕಡೆಯ ಬಾರಿ ಬಿಚ್ಚಿ ನೋಡಿದ್ದು ಯಾವಾಗ ಎಂದು ಚಾಲಕರನ್ನು ವಿನಯದಿಂದಲೇ ವಿಚಾರಿಸೋಣ. ಕೇಳಲು ಸಂಕೋಚವಾಗಬಹುದು. ದಿಂಬಂನ ಚರಂಡಿಯ ಪಕ್ಕದಲ್ಲಿ ಅಜ್ಜಿಯ ಕೈ ಹಿಡಿದು ನಿಂತಂದಿನಿಂದ ನನಗೆ ಆ ಸಂಕೋಚವಿಲ್ಲ.