ಸಾಧಕರ ಪರಿಚಯ: ಕಡಲಿಗೆ ಕಿವಿಯಾದ ಕಮೊಡೋರ್ ಪಾಲ್‌ರಾಜ್

ಯಶವಂತಪುರವನ್ನು ದಾಟಿ ಜಾಲಹಳ್ಳಿಯ ಕಡೆಗೆ ಸಾಗಿದರೆ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ವಿಶಾಲವಾದ ಆವರಣ ಎದುರಾಗುತ್ತದೆ. ನಮ್ಮ ಭಾಗದ ಜನರು ಅದನ್ನು ಬಿ.ಇ.ಎಲ್. ಎಂದೇ ಕರೆಯುವುದು ರೂಢಿ. 1954ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯಲ್ಲಿ ದುಡಿದು, ಮಕ್ಕಳನ್ನು ಓದಿಸಿ, ಮನೆ ಕಟ್ಟಿ, ಗೌರವದಿಂದ ನಿವೃತ್ತರಾದವರು ಉತ್ತರ ಬೆಂಗಳೂರಿನ ಬಡಾವಣೆಗಳಲ್ಲೆಲ್ಲ ಇದ್ದಾರೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಯಾವ ದಿಕ್ಕಿಗೆ ಹೋದರೂ ಕಡಲು ನೂರಾರು ಕಿಲೋಮೀಟರ್ ದೂರವಿರುವ ಈ ಊರಿಗೂ ಯುದ್ಧನೌಕೆಗಳಿಗೂ ಏನು ನಂಟು ಎಂದು ಓದುಗ ಬಂಧುಗಳು ಕೇಳಬಹುದು. ಆ ನಂಟನ್ನು ತಿಳಿಯಬೇಕಾದರೆ ಭಾರತೀಯ ನೌಕಾಪಡೆಯ ಒಬ್ಬ ಹಿರಿಯ ಅಧಿಕಾರಿಯ ಜೀವನವನ್ನು ಅರಿಯಬೇಕು. ಅವರೇ ಕಮೊಡೋರ್ ಆರೋಗ್ಯಸ್ವಾಮಿ ಪಾಲ್‌ರಾಜ್. ನೌಕಾಪಡೆಯಲ್ಲಿ ಕಮೊಡೋರ್ ಎಂದರೆ ಕ್ಯಾಪ್ಟನ್ ಪದವಿಗಿಂತ ಮೇಲಿನ ಹುದ್ದೆ.

ಪಾಲ್‌ರಾಜ್ ಅವರು 1944ರ ಏಪ್ರಿಲ್ 14ರಂದು ತಮಿಳುನಾಡಿನ ಕೊಯಮತ್ತೂರಿಗೆ ಸಮೀಪದ ಪೊಳ್ಳಾಚಿಯಲ್ಲಿ ಜನಿಸಿದರು. ಏರ್ಕಾಡಿನ ವಸತಿ ಶಾಲೆಯಲ್ಲಿ ಓದಿ, ತಮ್ಮ 15ನೆಯ ವಯಸ್ಸಿನಲ್ಲಿಯೇ ಪುಣೆಯ ಬಳಿ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿದರು. ಆ ಕಾಲದಲ್ಲಿ ಅಲ್ಲಿ ತರಬೇತಿ ಮುಗಿಸಿದವರಿಗೆ ವಿಶ್ವವಿದ್ಯಾನಿಲಯದ ಪದವಿ ದೊರೆಯುತ್ತಿರಲಿಲ್ಲ. ನೌಕಾಪಡೆಯ ಸೇವೆಗೆ ಸೇರಿದ ಮೇಲೆ ಜಾಮ್‌ನಗರದ ತರಬೇತಿ ಕೇಂದ್ರದಲ್ಲಿದ್ದಾಗ ತಮ್ಮಷ್ಟಕ್ಕೆ ತಾವೇ ಗಣಿತವನ್ನೂ ವಿದ್ಯುತ್ ಶಾಸ್ತ್ರವನ್ನೂ ಆಳವಾಗಿ ಅಭ್ಯಾಸ ಮಾಡಿದರು. ಅವರ ಬುದ್ಧಿಶಕ್ತಿಯನ್ನು ಗಮನಿಸಿದ ನೌಕಾಪಡೆಯು 1969ರಲ್ಲಿ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ದೆಹಲಿಯ ಐ.ಐ.ಟಿ.ಗೆ ಕಳುಹಿಸಿತು. ಅಲ್ಲಿನ ಪ್ರಾಧ್ಯಾಪಕರಾದ ಪಿ.ವಿ. ಇಂದಿರೇಶನ್ ಅವರು, ಸ್ನಾತಕ ಪದವಿಯೇ ಇಲ್ಲದ ಈ ತರುಣನನ್ನು ನೇರವಾಗಿ ಪಿಎಚ್.ಡಿ. ಸಂಶೋಧನೆಗೆ ಸೇರಿಸಿಕೊಂಡರು. ಯೋಗ್ಯ ಶಿಷ್ಯನನ್ನು ಕಾಗದದ ಮೇಲಿನ ಅರ್ಹತೆಯಿಂದಲ್ಲ, ಅವನ ಜಿಜ್ಞಾಸೆಯಿಂದ ಗುರುತಿಸಿದ ಗುರುವಿನ ದೊಡ್ಡತನವನ್ನು ಇಲ್ಲಿ ನೆನೆಯಲೇಬೇಕು.

ಅಷ್ಟರಲ್ಲಿ 1971ರ ಯುದ್ಧ ಬಂದಿತು. ಡಿಸೆಂಬರ್ 9ರ ರಾತ್ರಿ, ಗುಜರಾತಿನ ಕರಾವಳಿಗೆ ಹೊಂದಿದ ದೀವ್‌ನ ಆಚೆಯ ಸಮುದ್ರದಲ್ಲಿ ನಮ್ಮ ‘ಖುಕ್ರಿ’ ಯುದ್ಧನೌಕೆ ಶತ್ರುವಿನ ಜಲಾಂತರ್ಗಾಮಿಯನ್ನು ಅರಸುತ್ತಿತ್ತು. ಆದರೆ ಅರಸುತ್ತಿದ್ದವರನ್ನೇ ಪಾಕಿಸ್ತಾನದ ‘ಹಂಗೋರ್’ ಎಂಬ ಜಲಾಂತರ್ಗಾಮಿ ಮೊದಲು ಕಂಡುಕೊಂಡಿತು. ಅದು ಬಿಟ್ಟ ಟಾರ್ಪೆಡೊ ತಾಗಿ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಜಲಸಮಾಧಿ ಹೊಂದಿದರು. ನೌಕೆಯ ನಾಯಕರಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ನೌಕೆಯನ್ನು ಬಿಟ್ಟು ಬರಲಿಲ್ಲ. ಅದರೊಡನೆಯೇ ಪ್ರಾಣವನ್ನು ಅರ್ಪಿಸಿದರು. ಮರಣೋತ್ತರವಾಗಿ ಅವರಿಗೆ ಮಹಾವೀರ ಚಕ್ರ ಸಂದಿತು. ಒಂದೇ ರಾತ್ರಿಯಲ್ಲಿ 194 ಮನೆಗಳ ದೀಪ ಆರಿತು.

ಈ ದುರಂತಕ್ಕೆ ನಮ್ಮವರ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ನೌಕೆಯ ಕಿವಿಯಲ್ಲಿ. ನೀರಿನೊಳಗೆ ಬೆಳಕೂ ರೇಡಿಯೋ ತರಂಗಗಳೂ ದೂರ ಸಾಗಲಾರವು. ಅಲ್ಲಿ ಸಾಗುವುದು ಶಬ್ದ ಮಾತ್ರ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ಕಡಲ ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ. ನೌಕೆಯಿಂದ ಶಬ್ದವನ್ನು ಕಳುಹಿಸಿ, ಅಡಗಿರುವ ಜಲಾಂತರ್ಗಾಮಿಗೆ ತಾಗಿ ಹಿಂದಿರುಗುವ ಪ್ರತಿಧ್ವನಿಯನ್ನು ಕೇಳಿ, ಅದರ ದಿಕ್ಕನ್ನೂ ದೂರವನ್ನೂ ಅಳೆಯುವ ಯಂತ್ರವೇ ಸೋನಾರ್. ನಮ್ಮ ನೌಕೆಗಳಲ್ಲಿದ್ದ ಸೋನಾರ್‌ಗಳು ಬ್ರಿಟನ್ನಿನಿಂದ ಬಂದವು. ನಮ್ಮ ಅರಬ್ಬೀ ಸಮುದ್ರದ ಸ್ವಭಾವವೇ ಬೇರೆ. ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ನೀರಿನ ಲೋಟದಲ್ಲಿಟ್ಟ ಚಮಚ ಬಾಗಿದಂತೆ ಕಾಣುವ ಹಾಗೆ, ಬೆಚ್ಚನೆಯ ನೀರಿನಿಂದ ತಣ್ಣೀರಿಗೆ ಇಳಿಯುವ ಶಬ್ದವೂ ಬಾಗಿ ಆಳಕ್ಕೆ ಸರಿದುಬಿಡುತ್ತದೆ. ಆದ್ದರಿಂದ ಜಲಾಂತರ್ಗಾಮಿಗೆ ಅಡಗಲು ಎಡೆಯಾಗುತ್ತದೆ. ಮೇಲಿನ ನೌಕೆಗೆ ಕೇಳಿಸುವುದು ಕಷ್ಟವಾಗುತ್ತದೆ.

ಖುಕ್ರಿಯ ಅಳಿವಿನ ಬಳಿಕ, ಇದ್ದ ಸೋನಾರ್‌ಗಳನ್ನು ಉತ್ತಮಪಡಿಸುವ ಹೊಣೆಯನ್ನು ನೌಕಾಪಡೆಯು ಪಾಲ್‌ರಾಜ್ ಅವರಿಗೆ ಒಪ್ಪಿಸಿತು. ಅವರು ಐ.ಐ.ಟಿ.ಯ ಪ್ರಯೋಗಾಲಯದಲ್ಲಿ ಕುಳಿತು, ಕಡಲಿನ ಗದ್ದಲದ ನಡುವೆ ಕ್ಷೀಣವಾದ ಪ್ರತಿಧ್ವನಿಯನ್ನು ಬೇರ್ಪಡಿಸುವ ಉಪಾಯವನ್ನು ಹುಡುಕಿದರು. ಜಾತ್ರೆಯ ಸದ್ದಿನ ನಡುವೆಯೂ ತಾಯಿಯಾದವಳು ತನ್ನ ಮಗುವಿನ ಅಳುವನ್ನು ಗುರುತಿಸುತ್ತಾಳಲ್ಲವೇ? ಆ ಬಗೆಯ ವಿವೇಕವನ್ನು ಯಂತ್ರಕ್ಕೆ ಗಣಿತದ ಮೂಲಕ ಕಲಿಸುವುದೇ ಅವರ ಕೆಲಸವಾಗಿತ್ತು. ಸಮುದ್ರದಲ್ಲಿ ನಡೆದ ಪರೀಕ್ಷೆಗಳಲ್ಲಿ ಅವರ ಸುಧಾರಣೆ ಯಶಸ್ವಿಯಾಯಿತು. ನೌಕಾಪಡೆಯು ಅದನ್ನು ಅಳವಡಿಸಿಕೊಂಡಿತು. 1973ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು.

ಹಳೆಯ ಯಂತ್ರಕ್ಕೆ ತೇಪೆ ಹಾಕಿದರೆ ಸಾಲದು, ನಮ್ಮ ಕಡಲಿಗೆ ನಮ್ಮದೇ ಸೋನಾರ್ ಬೇಕು ಎಂಬ ಸಂಕಲ್ಪ ಮುಂದೆ ಮೂಡಿತು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಸಂಶೋಧನೆ ನಡೆಸಿ ಬಂದ ಪಾಲ್‌ರಾಜ್ ಅವರು ಕೊಚ್ಚಿಯ ನೌಕಾ ಭೌತ ಪ್ರಯೋಗಾಲಯದಲ್ಲಿ ಈ ಕಾರ್ಯದ ಮುಂದಾಳತ್ವವನ್ನು ವಹಿಸಿದರು. ಹಲವು ವರ್ಷಗಳ ಪರಿಶ್ರಮದ ಫಲವಾಗಿ ‘ಅಪ್ಸೋ’ ಎಂಬ ಸೋನಾರ್ ರೂಪುಗೊಂಡು 1983ರಲ್ಲಿ ನೌಕಾಪಡೆಯನ್ನು ಸೇರಿತು. ಅದರ ತಯಾರಿಕೆಯ ಹೊಣೆಯನ್ನು ಹೊತ್ತದ್ದು ಬಿ.ಇ.ಎಲ್. ಸಂಸ್ಥೆ. ಕಡಲನ್ನೇ ಕಾಣದ ಎಷ್ಟೋ ಕೈಗಳು ಬೆಸುಗೆ ಹಾಕಿದ ತಂತಿಗಳೂ ಜೋಡಿಸಿದ ಫಲಕಗಳೂ ನೌಕೆಗಳ ಒಡಲಿನಲ್ಲಿ ಕುಳಿತು ನಮ್ಮ ನಾವಿಕರನ್ನು ಕಾಯತೊಡಗಿದವು. ಆರಂಭದಲ್ಲಿ ಕೇಳಿದ ನಂಟು ಇದೇ.

1983ರಿಂದ ಕೆಲವು ವರ್ಷ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ, ಪುಣೆಯಲ್ಲಿ ಹುಟ್ಟಿ ಬೆಳೆದ ಪ್ರಾಧ್ಯಾಪಕ ಥಾಮಸ್ ಕೈಲಾತ್ ಅವರೊಡನೆ ಸಂಶೋಧನೆ ನಡೆಸಿದರು. 1986ರಲ್ಲಿ ಸ್ವದೇಶಕ್ಕೆ ಮರಳಿ, ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟ್ ಶಾಸ್ತ್ರದ ಕೇಂದ್ರವನ್ನು ಕಟ್ಟಿ ನಿಲ್ಲಿಸಿದರು. ಕೃತಕ ಬುದ್ಧಿಮತ್ತೆ ಎಂಬ ಮಾತು ಇಂದು ಮನೆಮಾತಾಗಿದೆ. ಅಂದು ಅದನ್ನು ಕೇಳಿದವರೇ ವಿರಳ. ದೇಶದ ಉನ್ನತ ಗಣಕ ಸಂಸ್ಥೆಯಾದ ಸಿ-ಡ್ಯಾಕ್‌ನ ಸ್ಥಾಪನೆಯಲ್ಲಿಯೂ ಅವರು ಪಾತ್ರ ವಹಿಸಿದರು. ಅನಂತರ ಬಿ.ಇ.ಎಲ್. ಸಂಸ್ಥೆಯ ಕೇಂದ್ರ ಸಂಶೋಧನಾಲಯದ ಮುಖ್ಯಸ್ಥರಾದರು. ನೌಕಾಪಡೆಯಲ್ಲಿ ಅವರ ಸೇವೆಗೆ ಅತಿ ವಿಶಿಷ್ಟ ಸೇವಾ ಪದಕವೂ ವಿಶಿಷ್ಟ ಸೇವಾ ಪದಕವೂ ಸಂದಿವೆ.

1991ರಲ್ಲಿ ಪಾಲ್‌ರಾಜ್ ಅವರು ನೌಕಾಪಡೆಯಿಂದ ನಿವೃತ್ತಿ ಪಡೆದು ಮತ್ತೆ ಸ್ಟ್ಯಾನ್‌ಫರ್ಡಿಗೆ ತೆರಳಿದರು. ಆಗ ಅವರಿಗೆ 47 ವರ್ಷ. ಹಲವರು ವಿಶ್ರಾಂತಿಯ ಲೆಕ್ಕ ಹಾಕುವ ಆ ವಯಸ್ಸಿನಲ್ಲಿ ಅವರು ತಮಗೆ ಹೊಸದಾದ ಕ್ಷೇತ್ರವನ್ನು ಪ್ರವೇಶಿಸಿದರು. ಹಲವು ದಿಕ್ಕುಗಳಿಂದ ಬರುವ ಸಂಕೇತಗಳನ್ನು ಬೇರ್ಪಡಿಸುವ ವಿದ್ಯೆ ಅವರಿಗೆ ಸೋನಾರ್‌ನಿಂದಲೇ ಕರಗತವಾಗಿತ್ತು. ನಿಸ್ತಂತು ಸಂಪರ್ಕದಲ್ಲಿ ಗೋಡೆ, ಕಟ್ಟಡಗಳಿಗೆ ತಾಗಿ ಚದುರುವ ತರಂಗಗಳನ್ನು ಎಲ್ಲರೂ ತೊಂದರೆಯೆಂದು ಭಾವಿಸಿದ್ದರು. ಕಳುಹಿಸುವಲ್ಲಿಯೂ ಪಡೆಯುವಲ್ಲಿಯೂ ಒಂದಕ್ಕಿಂತ ಹೆಚ್ಚು ಆಂಟೆನಾಗಳನ್ನಿಟ್ಟರೆ ಆ ಚದುರುವಿಕೆಯೇ ಉಪಕಾರವಾಗಿ, ಒಂದೇ ತರಂಗಾಂತರದಲ್ಲಿ ಹಲವು ಪಟ್ಟು ಮಾಹಿತಿಯನ್ನು ಸಾಗಿಸಬಹುದೆಂದು ಅವರು ತೋರಿಸಿದರು. ಕೈಲಾತ್ ಅವರೊಡನೆ 1992ರಲ್ಲಿ ಅರ್ಜಿ ಸಲ್ಲಿಸಿ 1994ರಲ್ಲಿ ಪಡೆದ ಆ ಹಕ್ಕುಪತ್ರದ ತತ್ತ್ವಕ್ಕೆ ‘ಮೈಮೊ’ ಎಂದು ಹೆಸರು. ಮೊದಮೊದಲು ಸಂದೇಹಪಟ್ಟವರೇ ಹೆಚ್ಚು. ಇಂದು ನಮ್ಮ ಮನೆಗಳ ವೈಫೈಯೂ 4ಜಿ, 5ಜಿ ಮೊಬೈಲುಗಳೂ ಇದೇ ತತ್ತ್ವದ ಬಲದಿಂದ ನಡೆಯುತ್ತಿವೆ. ಭಾರತ ಸರ್ಕಾರ 2010ರಲ್ಲಿ ಅವರಿಗೆ ಪದ್ಮಭೂಷಣ ನೀಡಿತು. 2014ರಲ್ಲಿ ಸಂಪರ್ಕ ಕ್ಷೇತ್ರದ ಶ್ರೇಷ್ಠ ಗೌರವವಾದ ಮಾರ್ಕೋನಿ ಪ್ರಶಸ್ತಿ ದೊರೆಯಿತು.

ಇಲ್ಲಿ ಒಂದು ಪ್ರಶ್ನೆ ಮನಸ್ಸನ್ನು ಕೊರೆಯದೆ ಇರದು. ನಮ್ಮ ನೌಕಾಪಡೆ ಓದಿಸಿದ, ನಮ್ಮ ಐ.ಐ.ಟಿ. ರೂಪಿಸಿದ, ಜಾಲಹಳ್ಳಿಯಲ್ಲಿ ಸಂಶೋಧನಾಲಯವನ್ನು ನಡೆಸಿದ ವ್ಯಕ್ತಿಯ ಅತಿ ದೊಡ್ಡ ಶೋಧ ನಮ್ಮ ನೆಲದಲ್ಲಿ ಏಕೆ ಆಗಲಿಲ್ಲ? ಹೋದವರನ್ನು ದೂರುವುದು ಸುಲಭ. ಅದಕ್ಕಿಂತ, ಹೊಸದನ್ನು ಯೋಚಿಸುವವರಿಗೆ ನಮ್ಮ ಸಂಸ್ಥೆಗಳಲ್ಲಿಯೂ ಮನೆಗಳಲ್ಲಿಯೂ ಎಷ್ಟು ಎಡೆ ಕೊಟ್ಟಿದ್ದೇವೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಲೇಸು. ಇಂದಿರೇಶನ್ ಅವರಂತೆ ನಿಯಮವನ್ನು ಬದಿಗಿಟ್ಟು ಪ್ರತಿಭೆಯನ್ನು ಕಂಡವರು ಒಬ್ಬರಿದ್ದುದರಿಂದಲೇ ಈ ಜೀವನ ಅರಳಿತು.

ನಮ್ಮ ಮನೆಗಳಲ್ಲಿ ಸೇನೆಗೆ ಸೇರುವೆನೆಂದು ಮಗನೋ ಮಗಳೋ ಹೇಳಿದರೆ ತಂದೆತಾಯಿಗಳ ಎದೆ ನಡುಗುವುದು ಸಹಜ. ನೌಕಾಪಡೆಯಲ್ಲಿ ಫಿರಂಗಿಯ ಮುಂದೆ ನಿಲ್ಲುವವರು ಹೇಗೆ ಬೇಕೋ, ಗಣಿತದ ಪುಸ್ತಕದ ಮುಂದೆ ಕುಳಿತು ಅವರ ಪ್ರಾಣವನ್ನು ಕಾಯುವವರೂ ಹಾಗೆಯೇ ಬೇಕು. ರಕ್ಷಣಾ ಅಕಾಡೆಮಿಯು 2022ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ನಮ್ಮ ರಾಜ್ಯದ ಕಾರವಾರದಲ್ಲಿಯೇ 2005ರಲ್ಲಿ ‘ಕದಂಬ’ ಎಂಬ ನೌಕಾನೆಲೆ ಸೇವೆಗೆ ಅರ್ಪಿತವಾಯಿತು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಶ್ರದ್ಧೆಯಿಂದ ಓದುವ ಮಕ್ಕಳಿಗೆ ಈ ದಾರಿಯನ್ನು ತಿಳಿಸುವುದು ಹಿರಿಯರ ಕರ್ತವ್ಯ.

ಖುಕ್ರಿಯಲ್ಲಿ ಮಡಿದವರನ್ನು ಯಾರಿಂದಲೂ ಮರಳಿ ತರಲಾಗಲಿಲ್ಲ. ಆದರೆ ಅವರಿಗಾಗಿ ದುಃಖಿಸಿ ಸುಮ್ಮನೆ ಕೂರದೆ, ಮತ್ತೊಂದು ನೌಕೆಗೆ ಆ ಗತಿ ಬಾರದಿರಲೆಂದು ಒಬ್ಬ ಅಧಿಕಾರಿ ಹನ್ನೆರಡು ವರ್ಷ ದುಡಿದರು. ಮುಂದಿನ ಸಲ ಜಾಲಹಳ್ಳಿಯ ಆ ಕಾಂಪೌಂಡಿನ ಪಕ್ಕದಲ್ಲಿ ಹಾದುಹೋಗುವಾಗ ಮಕ್ಕಳಿಗೆ ಈ ಕಥೆಯನ್ನು ಹೇಳಿರಿ. ಅಲ್ಲಿ ದುಡಿದ ನಿಮ್ಮ ತಾತನೋ ಚಿಕ್ಕಪ್ಪನೋ ಇದ್ದರೆ ಅವರ ಬಳಿ ಕುಳಿತು, ಅವರ ಕೈ ಹಾದುಹೋದ ಕೆಲಸ ಯಾವುದೆಂದು ಕೇಳಿರಿ. ಅವರ ಕಾಯಕಕ್ಕೂ ಇದರಲ್ಲಿ ಪಾಲಿದೆ.