ಕೆಂಪು ಗುಂಡಿ ಒತ್ತಿದರೆ ಯಾವ ಭಾಷೆಯ ಉತ್ತರ?

ಆಟಿಸಂ, ಅಂದರೆ ಸ್ವಲೀನತೆ ಇರುವ ಮಗು ಹದಿನೆಂಟು ದಾಟಿತೆಂದರೆ ಶಾಲೆಯ ಆಸರೆ ತಪ್ಪುತ್ತದೆ. ಬಸ್ಸು ತಪ್ಪಿದರೆ, ಸಂತೆಯ ಗದ್ದಲ ತಡೆಯದಾದರೆ ಏನು ಮಾಡಬೇಕೆಂದು ಹೇಳಿಕೊಡುವವರು ಯಾರು?

ಈ ಕೊರತೆಗೆಂದೇ ಬ್ರಿಟನ್ನಿನಲ್ಲಿ 2010ರ ದಶಕದಲ್ಲಿ ‘ಬ್ರೇನ್ ಇನ್ ಹ್ಯಾಂಡ್’ ಎಂಬ ಮೊಬೈಲ್ ವ್ಯವಸ್ಥೆ ಬಂತು. ಯುವಕ ಮೊದಲು ತರಬೇತುದಾರರೊಡನೆ ಕೂತು ತನ್ನ ದಿನಚರಿ, ತೊಡಕು, ಅದಕ್ಕೆ ತನಗೆ ಒಗ್ಗುವ ಉಪಾಯಗಳನ್ನು ಫೋನಿಗೆ ಸೇರಿಸುತ್ತಾನೆ. ಗಾಬರಿಯಾದಾಗ ಅದನ್ನೇ ತೆಗೆದು ನೋಡುತ್ತಾನೆ. ರಸ್ತೆಯ ಸಿಗ್ನಲ್ಲಿನಂತೆ ಹಸಿರು, ಹಳದಿ, ಕೆಂಪು ಗುಂಡಿಗಳುಂಟು. ಕೆಂಪು ಒತ್ತಿದರೆ ಆಚೆಯಿಂದ ಮನುಷ್ಯರೇ ಸಂಪರ್ಕಿಸುತ್ತಾರೆ.

ಗುಟ್ಟು ಇರುವುದು ಇಲ್ಲೇ. ಫೋನು ನೆನಪಿಸೀತು, ಸಮಾಧಾನ ಹೇಳಲು ಮಾತು ಬಲ್ಲವರು ಬೇಕು. ಜತ್ತದಲ್ಲಿ ಮನೆಮಾತು ಕನ್ನಡ, ಕಚೇರಿಯದು ಮರಾಠಿ. ತಾಳವಾಡಿಯಲ್ಲಿ ಕಚೇರಿಯದು ತಮಿಳು. ನಾವು ಎರಡೂ ಆಡಿ ವ್ಯಾಪಾರ ಮಾಡ್ತೀವಿ, ಖರೆ. ಆದರೆ ಗಾಬರಿಬಿದ್ದ ಹುಡುಗ ತರ್ಜುಮೆ ಮಾಡುತ್ತ ಕೂರಲಾರ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನು ಸೇರಿಸಿ, ಸರಕಾರಿ ನೌಕರಿಯ ಮೀಸಲಾತಿಯಲ್ಲೂ ಪಾಲು ಕೊಟ್ಟಿತು. ಆ ಕಾಯ್ದೆಯ ಪ್ರಮಾಣಪತ್ರ ದೇಶದೆಲ್ಲೆಡೆ ನಡೆಯುತ್ತದೆ. ಚೀಟಿಗೆ ಗಡಿಯಿಲ್ಲ, ನೆರವಿನ ಮಾತಿಗೆ ಮಾತ್ರ ಗಡಿಯುಂಟು.

ನಾಳೆ ಇಂಥ ವ್ಯವಸ್ಥೆ ನಮ್ಮೂರಿಗೂ ಬಂದೀತು. ಬೆಲೆ ಕೇಳುವ ಮೊದಲು, ಉತ್ತರಿಸುವವರು ಮನೆಮಾತು ಬಲ್ಲರೇ ಎಂದು ಕೇಳಬೇಕು. ಅಲ್ಲಿಯವರೆಗೆ ಮಗನನ್ನೇ ಕೇಳಿ, ಅವನ ಉಪಾಯಗಳನ್ನು ಅವನದೇ ಮಾತಿನಲ್ಲಿ ಫೋನಿಗೆ ಬರೆದಿಡುವುದಕ್ಕೆ ಯಾವ ಕಂಪನಿಯೂ ಬೇಡ.